ಗಾಳಿಗೆ ಎಷ್ಟು ವಯರು ಬೇಕು?



ಕಳೆದ ಕ್ರಿಸ್ಮಸ್‌ನಲ್ಲಿ ಗೋದಲಿ ದೃಶ್ಯದ ಹಾಡಿಗೆ ಶ್ರುತಿಯ ಜೊತೆ ರಾತ್ರಿಗಾಳಿಯ ಸದ್ದು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಿಎಸ್ಸಿ ಓದಿದವನೆಂಬ ಜಂಬ ಬೇರೆ! ನಾಯ್ಮಾರ್ಮೂಲೆಯ ಮನೆಯಲ್ಲಿ ಕುಳಿತು ಲ್ಯಾಪ್‌ಟಾಪಿಗೆ ವಿಸಿವಿ ರ‍್ಯಾಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಅದು ಪರದೆಯ ಮೇಲಿನ ಮಾಡ್ಯುಲರ್ ಸಿಂಥಸೈಜರ್. ಒಂದೊಂದು ಮಾಡ್ಯೂಲಿಗೂ ಒಂದೊಂದು ಕೆಲಸ. ವಯರು ಹಾಕಿ ಜೋಡಿಸುವುದು ನಾವು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದ ಮೂಗ್ ಸಿಂಥಸೈಜರೂ ಇದೇ ಜಾತಿಯದು.

ನಾನು ಮರುಳಾದದ್ದು ಮಾಡ್ಯುಲೇಶನ್ ಮಾಡ್ಯೂಲುಗಳಿಗೆ. ಇವು ತಾವಾಗಿ ಹಾಡುವುದಿಲ್ಲ. ಬೇರೆ ಮಾಡ್ಯೂಲಿನ ನಾಬನ್ನು ನಮ್ಮ ಬದಲು ತಿರುಗಿಸುತ್ತವೆ. ಎಲ್‌ಎಫ್‌ಒ ತೊಟ್ಟಿಲಿನಂತೆ ಹೋಗಿ ಬರುತ್ತದೆ. ಎನ್ವಲಪ್ ಒಮ್ಮೆ ಏರಿ ಇಳಿಯುತ್ತದೆ. ಸ್ಯಾಂಪಲ್ ಆಂಡ್ ಹೋಲ್ಡ್ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ನಾನು ಎಲ್ಲವನ್ನೂ ಹಾಕಿದೆ, ಶ್ರುತಿಗೂ ಹಾಕಿದೆ.

ಅಭ್ಯಾಸದ ದಿನ ಕ್ವಾಯರಿನ ಆಂಟಿಯೊಬ್ಬರು ಹಾಡು ನಿಲ್ಲಿಸಿದರು. "ಮಗಾ, ನಿನ್ನ ಶ್ರುತಿ ಒಂದು ಕಡೆ ನಿಲ್ಲುದಿಲ್ಲ. ನಾವು ಎಲ್ಲಿ ಹಿಡಿಯುದು?"

ರಾತ್ರಿ ಎಲ್ಲ ವಯರು ಕಿತ್ತೆ. ಗಾಳಿಯಲ್ಲಿ ಬದಲಾಗುವುದು ಏನು? ಸದ್ದಿನ ಹೊಳಪು, ಅದೂ ನಿಧಾನವಾಗಿ. ಹಾಗಾಗಿ ನಾಯ್ಸ್ ಮಾಡ್ಯೂಲನ್ನು ಫಿಲ್ಟರಿಗೆ ಕೊಟ್ಟು, ಆ ಫಿಲ್ಟರಿಗೆ ಒಂದೇ ಎಲ್‌ಎಫ್‌ಒ ಜೋಡಿಸಿದೆ. ವೇಗ 0.1 ಹರ್ಟ್ಸ್, ಅಂದರೆ ಹತ್ತು ಸೆಕೆಂಡಿಗೆ ಒಂದು ಸುತ್ತು. ಅಟೆನ್ಯುಯೇಟರ್ ತಿರುಗಿಸಿ ಅದರ ಪ್ರಭಾವವನ್ನು ಅರ್ಧಕ್ಕಿಂತ ಕೆಳಗಿಳಿಸಿದೆ. ಶ್ರುತಿಯನ್ನು ಮುಟ್ಟಲೇ ಇಲ್ಲ.

ನೀವೂ ಪ್ರಯತ್ನಿಸಿ. ಆದರೆ ಮೊದಲು ಏನು ಅಲುಗಬೇಕು, ಏನು ಅಲುಗಬಾರದು ಎಂದು ನಿರ್ಧರಿಸಿ, ಮಾಡ್ಯೂಲು ಆಮೇಲೆ.

ಕ್ರಿಸ್ಮಸ್ ರಾತ್ರಿ ನನ್ನ ಗಾಳಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಹಾಡು ಚೆನ್ನಾಗಿತ್ತು ಎಂದರು. ನನಗೆ ಅಷ್ಟು ಸಾಕಾಯಿತು.