ಪಿಎಸ್‌ಪಿಯೊಳಗಿನ ಚಿಣಿಫಣಿ

ಪಿಎಸ್‌ಪಿ ಅಂದರೆ ಸೋನಿ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಹತ್ತು ವರ್ಷದಲ್ಲಿ ತಯಾರಿಕೆಯೇ ನಿಂತಿತು. ಎಲ್ಲವನ್ನೂ ಮೊಬೈಲಿನಲ್ಲೇ ಆಡುವ ಹುಡುಗರಿಗೆ ಅದು ಅಜ್ಜನ ಕಾಲದ್ದು. ನಮ್ಮಲ್ಲೊಬ್ಬನ ಸೋದರಮಾವ ತನ್ನ ಹಳೆಯ ಪಿಎಸ್‌ಪಿಯನ್ನು ಸೊಸೆಗೆ, ಅಂದರೆ ನಮ್ಮ ಗೆಳೆಯನ ತಂಗಿಗೆ ಕೊಟ್ಟ. ಜೊತೆಗೆ ಒಂದೇ ಒಂದು ಡಿಸ್ಕ್.

ಆ ಡಿಸ್ಕ್ ಸಲುವಾಗಿಯೇ ನಾವು ಇಷ್ಟೆಲ್ಲ ಓಡಾಡಿದ್ದು. ಗೇಮಿನ ಹೆಸರು 'ದೇಸಿ ಅಡ್ಡಾ'. ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ ಮಾಡಿದ್ದು, 2009ರಲ್ಲಿ ಬಂದದ್ದು. ಅದರಲ್ಲಿ ಕಬಡ್ಡಿ ಇದೆ, ಗಾಳಿಪಟ ಇದೆ, ಗಿಲ್ಲಿದಾಂಡು ಇದೆ. ಗಿಲ್ಲಿದಾಂಡು ಅಂದರೆ ನಮ್ಮ ಚಿಣಿಫಣಿಯೇ. ಬಂದೂಕು, ಕಾರು, ಫುಟ್‌ಬಾಲು ತುಂಬಿದ ಆ ಯಂತ್ರದೊಳಗೆ ಗುಡಿ ಮುಂದಿನ ಬಯಲಿನ ಆಟವೂ ಇತ್ತಲ್ಲ ಅಂತ ನಮಗೆ ಖುಷಿ. ಆದರೆ ಡಿಸ್ಕ್ ಹಾಕಿದರೆ ಒಳಗೆ ಗರಗರ ಸದ್ದು. ನಾಲ್ಕು ಸಲ ಹಾಕಿದರೆ ಒಂದು ಸಲ ಓದುತ್ತಿತ್ತು. ಬ್ಯಾಟರಿಯಂತೂ ಉಬ್ಬಿ ಹಿಂದಿನ ಮುಚ್ಚಳವನ್ನೇ ಎತ್ತಿಬಿಟ್ಟಿತ್ತು.

ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಗೆ ಒಯ್ದೆವು. "ಇದರ ಸಿಡಿ ಇನ್ನ ಎಲ್ಲಿ ಸಿಗ್ತಾವ್ರಿ? ಸಾಫ್ಟ್‌ವೇರ್ ಹೊಡದು ಐವತ್ತ ಗೇಮ್ ತುಂಬಿ ಕೊಡ್ತೀನಿ, ಆ ಸಿಡಿ ಒಗೀರಿ" ಅಂದರು. ನಮಗೆ ಬೇಕಾದದ್ದು ಐವತ್ತು ಕದ್ದ ಗೇಮಲ್ಲ, ನಮ್ಮದೇ ಆದ ಒಂದು. ಬ್ಯಾಟರಿಯನ್ನಷ್ಟೇ ಕೊಂಡು ಬಂದೆವು.

ಅವರು 'ಸಾಫ್ಟ್‌ವೇರ್ ಹೊಡೆಯೋದು' ಅಂದದ್ದೇ ಕಸ್ಟಮ್ ಫರ್ಮ್‌ವೇರ್. ಯಂತ್ರ ಚಾಲೂ ಆದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುವ ಮೂಲ ತಂತ್ರಾಂಶ ಫರ್ಮ್‌ವೇರ್. ಕಂಪನಿ ಒಪ್ಪಿದ ಪ್ರೋಗ್ರಾಂ ಮಾತ್ರ ನಡೆಯಬೇಕು ಎಂಬ ಬೀಗವೂ ಅದರಲ್ಲೇ ಇದೆ. ಆ ಬೀಗ ಸಡಿಲಿಸಿದ ಆವೃತ್ತಿಯೇ ಕಸ್ಟಮ್. ಡಾರ್ಕ್ ಅಲೆಕ್ಸ್ ಎಂಬ ಅಡ್ಡಹೆಸರಿನ ಸ್ಪೇನ್ ಪ್ರೋಗ್ರಾಮರ್ 2006ರಲ್ಲೇ ಇದನ್ನು ಮಾಡಿ ತೋರಿಸಿದ್ದ. ಈಗ ಹೆಚ್ಚು ಬಳಕೆಯಲ್ಲಿರುವವು ಪ್ರೊ ಮತ್ತು ಆರ್ಕ್-4.

ಶುರು ಮಾಡುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ಒಂದು, ಮಾದರಿ ಯಾವುದು: 1000, 2000, 3000? ನಮ್ಮದು 3000. ಬ್ಯಾಟರಿ ಕೊಳ್ಳುವಾಗಲೂ ಇದು ಬೇಕು. 1000ದ ಬ್ಯಾಟರಿ ದಪ್ಪ, ಉಳಿದೆರಡರ ಮುಚ್ಚಳದೊಳಗೆ ಕೂರುವುದಿಲ್ಲ. ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಆವೃತ್ತಿ ಓದಿ. 6.60 ಅಥವಾ 6.61 ಇರಬೇಕು. ಇಲ್ಲದಿದ್ದರೆ ಮೊದಲು ಕಂಪನಿಯ ಕೊನೆಯ ಅಪ್‌ಡೇಟ್, 6.61, ಹಾಕಬೇಕು. ಹಳ್ಳಿಯವರಿಗೆ ತೊಡಕಾಗುವುದು ಇಲ್ಲೇ. ಚಾರ್ಜರ್ ಚುಚ್ಚಿದ್ದರೆ ಸಾಲದು, ಬ್ಯಾಟರಿಯೂ ತುಂಬಿರಬೇಕು, ಇಲ್ಲವಾದರೆ ಅಪ್‌ಡೇಟ್ ಶುರುವೇ ಆಗುವುದಿಲ್ಲ. ನಡುವೆ ಯಂತ್ರ ಆರಿದರೆ ಅದು ಬರೀ ಇಟ್ಟಂಗಿ. ನಮ್ಮೂರ ಕರೆಂಟಿನ ಹಣೆಬರಹ ನಿಮಗೆ ಗೊತ್ತೇ ಇದೆ. ಹಾಗಾಗಿ ಉಬ್ಬಿದ ಬ್ಯಾಟರಿ ತೆಗೆದು ಬರೀ ಚಾರ್ಜರ್ ಮೇಲೆ ಈ ಕೆಲಸಕ್ಕೆ ಕೈಹಾಕಬೇಡಿ.

ನಮ್ಮದರಲ್ಲಿ ಮೊದಲೇ 6.60 ಇತ್ತು, ಬದುಕಿದೆವು. ಪ್ರೊ ಫೋಲ್ಡರ್‌ಗಳನ್ನು ಮೆಮೊರಿ ಸ್ಟಿಕ್‌ನ ಪಿಎಸ್‌ಪಿ ಫೋಲ್ಡರಿನೊಳಗಿನ ಗೇಮ್ ಫೋಲ್ಡರಿಗೆ ಹಾಕಿದೆವು. ಗೇಮ್ ಮೆನುವಿನಿಂದ ಪ್ರೊ ಅಪ್‌ಡೇಟ್ ನಡೆಸಿ, ಆಮೇಲೆ ಫಾಸ್ಟ್ ರಿಕವರಿ. ಐದು ನಿಮಿಷದ ಕೆಲಸ, ಆದರೆ ಆ ಐದು ನಿಮಿಷ ಮೂವರೂ ಮಾತಾಡಲಿಲ್ಲ. ತಂಗಿ ಮಾತ್ರ "ಅಣ್ಣಾ, ಕೆಡಸಬ್ಯಾಡ್ರಿ ಮತ್ತ" ಅಂತ ಬಾಗಿಲಲ್ಲೇ ನಿಂತಿದ್ದಳು.

ಮುಂದಿನದು ಡಿಸ್ಕಿನ ನಕಲು. ಮುಖ್ಯ ಮೆನುವಿನಲ್ಲಿ ಸೆಲೆಕ್ಟ್ ಒತ್ತಿದರೆ ಚಿಕ್ಕ ಪಟ್ಟಿ ತೆರೆಯುತ್ತದೆ. ಅದರಲ್ಲಿ ಯುಎಸ್‌ಬಿ ಡಿವೈಸ್ ಎಂಬಲ್ಲಿ ಯುಎಂಡಿ ಡಿಸ್ಕ್ ಆರಿಸಿ ಕಂಪ್ಯೂಟರಿಗೆ ಜೋಡಿಸಬೇಕು. ಕೇಬಲ್ ಹಳೆಯ ಮಿನಿ ಯುಎಸ್‌ಬಿ, ಮೊಬೈಲಿನದು ಆಗುವುದಿಲ್ಲ. ಇಡೀ ಡಿಸ್ಕ್ ಒಂದೇ ಐಎಸ್‌ಒ ಫೈಲಾಗಿ ಕಾಣುತ್ತದೆ. ಅದನ್ನು ನಕಲು ಮಾಡಿ, ಮೆಮೊರಿ ಸ್ಟಿಕ್‌ನಲ್ಲಿ ಐಎಸ್‌ಒ ಎಂಬ ಫೋಲ್ಡರಿಗೆ ಹಾಕಿದರೆ ಮುಗಿಯಿತು. ಡ್ರೈವ್ ನಡುವೆ ಎರಡು ಸಲ ಕೈಕೊಟ್ಟಿತು. ಡಿಸ್ಕ್ ತೆಗೆದು, ಮೆತ್ತನೆ ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿದೆವು. ಮೂರನೆಯ ಸಲ ಪೂರ್ತಿ ಬಂತು.

ಇದು ಕಾನೂನಿಗೆ ಸರಿಯೇ ಅಂತ ನೀವು ಕೇಳಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಾನೂನುಬದ್ಧವಾಗಿ ಪ್ರೋಗ್ರಾಂ ಹೊಂದಿದವನು ಅದು ಹಾಳಾದೀತೆಂಬ ಕಾರಣಕ್ಕೆ ಪ್ರತಿ ಇಟ್ಟುಕೊಳ್ಳಲು ಬಿಡುತ್ತದೆ. 2012ರಲ್ಲಿ ಸೇರಿಸಿದ 65ಎ ಕಲಂ ಬೀಗ ಮುರಿಯುವುದನ್ನು ಅಪರಾಧ ಎನ್ನುತ್ತದೆ, ಆದರೆ ಹಕ್ಕು ಕಸಿಯುವ ಉದ್ದೇಶವಿದ್ದಾಗ. ನಾವು ವಕೀಲರಲ್ಲ. ಆದರೂ ಮನೆಯಲ್ಲಿರುವ ಡಿಸ್ಕಿನ ಪ್ರತಿ ಮತ್ತು ಅಂಗಡಿಯವರ ಐವತ್ತು ಗೇಮ್, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆವು. ಡಿಸ್ಕನ್ನು ಒಗೆದಿಲ್ಲ, ಮಾರಲೂ ಇಲ್ಲ, ಟ್ರಂಕಿನಲ್ಲಿದೆ.

ಈಗ ಚಿಣಿಫಣಿ ಸದ್ದಿಲ್ಲದೆ ತೆರೆಯುತ್ತದೆ. ಒಂದೇ ಕಿರಿಕಿರಿ: 3000ದಲ್ಲಿ ಪ್ರೊ ಕಾಯಂ ಆಗಿ ನಿಲ್ಲುವುದಿಲ್ಲ. ಪವರ್ ಗುಂಡಿಯನ್ನು ಒಮ್ಮೆ ಸರಿಸಿ ಬಿಟ್ಟರೆ ಯಂತ್ರ ಮಲಗುತ್ತದೆ, ಏನೂ ಆಗುವುದಿಲ್ಲ. ಒತ್ತಿ ಹಿಡಿದು ಪೂರ್ತಿ ಆರಿಸಿದರೆ, ಇಲ್ಲವೇ ಬ್ಯಾಟರಿ ಮುಗಿದರೆ, ಮತ್ತೆ ಫಾಸ್ಟ್ ರಿಕವರಿ ನಡೆಸಬೇಕು. ತಂಗಿ ಅದನ್ನು ಚೀಟಿಯಲ್ಲಿ ಬರೆದು ಯಂತ್ರದ ಬೆನ್ನಿಗೆ ಅಂಟಿಸಿಕೊಂಡಿದ್ದಾಳೆ: "ಒತ್ತಿ ಹಿಡಿಬ್ಯಾಡ್ರಿ."