ಹಳೆಯ ಕಾರೂ ಹಳೆಯ ಶಿಷ್ಯನೂ

ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವವನು ಅದರ ಹಲ್ಲನ್ನೆಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲನ್ನು ಪರೀಕ್ಷಿಸುತ್ತಾನೆ. ಮಾರುವವನಿಗೆ ಇದರಿಂದ ಅಪಮಾನವಾಗುವುದಿಲ್ಲ. ಹಳೆಯ ಕಾರಿನ ವ್ಯವಹಾರದಲ್ಲಿ ಮಾತ್ರ, ಅದರಲ್ಲಿಯೂ ಪರಿಚಿತರ ನಡುವೆ, ಕಾಗದಗಳನ್ನು ತೋರಿಸೆಂದು ಕೇಳುವುದು ಅವಿಶ್ವಾಸವೆನಿಸಿಕೊಳ್ಳುತ್ತದೆ.

ಸಕಲೇಶಪುರದ ನಿವೃತ್ತ ಮೇಷ್ಟರೊಬ್ಬರಿಗೆ ಈ ಸಂಕೋಚವೇ ಒದಗಿತು. ಪತ್ನಿಯ ಚಿಕಿತ್ಸೆಗಾಗಿ ಅವರು ತಿಂಗಳಿಗೆರಡು ಬಾರಿ ಶಿರಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಹೋಗಬೇಕಾಗಿತ್ತು. ಬಸ್ಸಿನ ಪ್ರಯಾಣ ಆಕೆಯ ದೇಹಕ್ಕೆ ಒಗ್ಗದಾದುದರಿಂದ, ನಿವೃತ್ತಿಯ ಕಾಲದಲ್ಲಿ ಬಂದ ಹಣದಿಂದ ಒಂದು ಹಳೆಯ ಡೀಸೆಲ್ ಕಾರನ್ನು ಕೊಳ್ಳಲು ನಿಶ್ಚಯಿಸಿದರು. ಮಾರುವವನು ಅವರ ಶಿಷ್ಯನೇ. ಕಾರು ನೋಡಲು ಅಂದವಾಗಿದ್ದಿತು. ಮೀಟರಿನಲ್ಲಿ 58,000 ಕಿಲೋಮೀಟರೆಂದಿದ್ದಿತು. "ನಿಮಗೆ ಮೋಸ ಮಾಡುವೆನೆ, ಮೇಷ್ಟ್ರೇ?" ಎಂದು ಅವನು ನಕ್ಕನು.

ಮೇಷ್ಟರಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಕೇಳಿದರೆ ಶಿಷ್ಯನ ಮನಸ್ಸು ನೊಂದೀತು. ಕೇಳದಿದ್ದರೆ ಘಾಟಿಯ ತಿರುವಿನಲ್ಲಿ ಪಕ್ಕದಲ್ಲಿ ಕುಳಿತಿರತಕ್ಕವಳು ಹೆಂಡತಿ. ಬೆಳಗಾದ ಮೇಲೆ ಕೇಳಿಯೇಬಿಟ್ಟರು.

ಕೇಳತಕ್ಕದ್ದು ಬಹಳವೇನೂ ಇಲ್ಲ. ಆರ್.ಸಿ.ಯಲ್ಲಿರುವ ಚಾಸಿ ನಂಬರೂ ಗಾಡಿಯ ಮೇಲಿನ ನಂಬರೂ ಒಂದೇ ಆಗಿರಬೇಕು; ಸಾಲದ ಋಣ ತೀರಿರಬೇಕು; ಅಪಘಾತಕ್ಕೆ ವಿಮೆಯ ಹಣ ಪಡೆದದ್ದುಂಟೇ ಎಂದು ತಿಳಿಯಬೇಕು. ಆ ಮಾದರಿಗೇ ಅಂಟಿಬಂದ ದೋಷಗಳನ್ನೂ ವಿಚಾರಿಸಬೇಕು. ಜಪಾನಿನ ಟಕಾಟ ಕಂಪನಿಯ ಏರ್‌ಬ್ಯಾಗುಗಳಲ್ಲಿ ಅನಿಲವನ್ನುಂಟುಮಾಡುವ ಅಮೋನಿಯಂ ನೈಟ್ರೇಟು ಬಹುಕಾಲದ ಸೆಕೆ ತೇವಗಳಿಂದ ಕೆಟ್ಟು, ಲೋಹದ ಚೂರುಗಳನ್ನು ಸಿಡಿಸಿ ಪ್ರಾಣಗಳನ್ನು ತೆಗೆಯಿತು. 2017ರಲ್ಲಿ ಆ ಕಂಪನಿ ದಿವಾಳಿಯೆದ್ದಿತು. ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಸಿದರು. ಹಾಗೆ ಕರೆದಾಗ ಹೋಗದೆ ಉಳಿದ ಗಾಡಿ, ದೋಷವನ್ನು ಹೊತ್ತುಕೊಂಡೇ ಕೈಯಿಂದ ಕೈಗೆ ಸಾಗುವುದುಂಟು.

ಹಾಸನದ ಸರ್ವಿಸ್ ಸ್ಟೇಷನ್ನಿನಲ್ಲಿ ಗುರುಶಿಷ್ಯರಿಬ್ಬರೂ ಕುಳಿತು ಹಳೆಯ ಲೆಕ್ಕವನ್ನು ತೆಗೆಯಿಸಿದರು. ಎರಡು ವರ್ಷಗಳ ಹಿಂದೆಯೇ ಕಾರು 96,000 ಕಿಲೋಮೀಟರು ಓಡಿದ್ದಿತು! ಶಿಷ್ಯನ ಮುಖ ಬಾಡಿತು. ಅವನೂ ಒಂದೂವರೆ ವರ್ಷದ ಹಿಂದೆ ದಲ್ಲಾಳಿಯೊಬ್ಬನಿಂದ ಮೀಟರನ್ನು ನಂಬಿ ಕೊಂಡವನೇ. ಮೆಕ್ಯಾನಿಕ್ಕನು ಹೇಳಿದ ಮಾತು ಅದಕ್ಕಿಂತಲೂ ಕಠಿನವಾದುದು. ಇಂಜಿನ್ನಿನ ಟೈಮಿಂಗ್ ಬೆಲ್ಟನ್ನು ನಿಗದಿಯಾದ ದೂರಕ್ಕೆ ಬದಲಾಯಿಸಬೇಕು. ಸುಳ್ಳು ಲೆಕ್ಕದಂತೆ ಅದಕ್ಕಿನ್ನೂ ಕಾಲವಿದ್ದಿತು. ನಿಜವಾದ ಲೆಕ್ಕದಲ್ಲಿ ಅವಧಿ ಮೀರಿದ್ದಿತು. ಓಡುತ್ತಿರುವಾಗ ಅದು ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಇಂಜಿನ್ನು ಹಾಳಾಗುತ್ತದೆ. ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ.

"ಮಕ್ಕಳನ್ನು ಇದರಲ್ಲಿಯೇ ಕರೆದುಕೊಂಡು ಓಡಾಡಿದೆ, ಮೇಷ್ಟ್ರೇ" ಎಂದನು ಶಿಷ್ಯ. ಅವನ ಮಾತು ಸತ್ಯವಾಗಿತ್ತು, ಕಾರಿನ ಮಾತು ಸತ್ಯವಾಗಿರಲಿಲ್ಲ. ಇವೆರಡೂ ಬೇರೆಯೆಂಬುದು ಮೇಷ್ಟರಿಗೆ ಆಗ ಹೊಳೆಯಿತು.

ಬೆಲ್ಟು ಹೊಸದಾಯಿತು, ಬೆಲೆಯನ್ನು ಶಿಷ್ಯನೇ ಇಳಿಸಿದನು. ಮೇಷ್ಟರು ಆ ಲೆಕ್ಕದ ಹಾಳೆಗಳ ಕೊನೆಯಲ್ಲಿ ಬೆಲ್ಟು ಹಾಕಿದ ದಿನವನ್ನೂ ಕಾರು ನಿಜವಾಗಿ ಓಡಿರಬಹುದಾದ ದೂರವನ್ನೂ ದುಂಡಗೆ ಬರೆದು ಕಾರಿನಲ್ಲಿಯೇ ಇಟ್ಟರು, ಮುಂದೆ ಕೊಳ್ಳುವವನು ಕೇಳದಿದ್ದರೂ ಕೊಡುವುದಕ್ಕೆಂದು.