ಹಳ್ಳಿಯೋ, ಹಲ್ಲಿಯೋ

ನಮ್ಮ ಮನೆಯಲ್ಲೊಬ್ಬಳು ವಿದೇಶಿ ಪ್ರಜೆ ಇದ್ದಾಳೆ. ವಯಸ್ಸು ಒಂಬತ್ತು. ಮುದ್ದೆ ಕಂಡರೆ ಮುಖ ಸಿಂಡರಿಸುತ್ತಾಳೆ. ಕೋಡುಬಳೆ ಡಬ್ಬಿ ಯಾವ ಅಟ್ಟದಲ್ಲಿಟ್ಟರೂ ಹುಡುಕಿ ತೆಗೆಯುತ್ತಾಳೆ. ನಾನು ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾಗ ಹುಟ್ಟಿದ್ದರಿಂದ ಅಮೆರಿಕದವಳು. ವೈಟ್‌ಫೀಲ್ಡಿಗೆ ಬಂದಾಗ ಅವಳಿಗೆ ನಾಲ್ಕು ವರ್ಷ. ‘ವಾಪಸ್ ಬಂದೆವು’ ಎಂದು ನಾವು ಹೇಳಿಕೊಳ್ಳುತ್ತೇವೆ. ಪಾಪ, ಅವಳು ಬಂದವಳು, ಅಷ್ಟೆ.

ಈ ಊರಿಗೆ ಇದು ಹೊಸದೇನಲ್ಲ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರಿಗೆಂದು ಕೊಟ್ಟ 3,900 ಎಕರೆಯಲ್ಲಿ ಹುಟ್ಟಿದ ಊರಿದು. ಅತ್ತಲೂ ಸಲ್ಲದ, ಇತ್ತಲೂ ಸಲ್ಲದ ಜನರಿಗೆಂದೇ ಕಟ್ಟಿದ್ದು. ಸ್ವಾತಂತ್ರ್ಯ ಬಂದ ಮೇಲೆ ಅವರಲ್ಲಿ ಅನೇಕರು ಇಂಗ್ಲೆಂಡು, ಆಸ್ಟ್ರೇಲಿಯಾ ಸೇರಿದರು. ಈಗ ಆ ಜಾಗಕ್ಕೆ ನಾವು.

ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾಗಿ ಮಗಳ ಬಳಿ ಓಸಿಐ ಕಾರ್ಡಿದೆ. ಹೆಸರಿಗೆ ಸಾಗರೋತ್ತರ ನಾಗರಿಕಳು. ದೊಡ್ಡವಳಾದರೂ ಮತ ಹಾಕುವಂತಿಲ್ಲ. ಹದಿನಾರು ತುಂಬುವವರೆಗೆ ಅಮೆರಿಕದ ಪಾಸ್‌ಪೋರ್ಟಿನ ಆಯುಸ್ಸು ಐದೇ ವರ್ಷ. ಅದನ್ನು ನವೀಕರಿಸಲು ಶತಾಬ್ದಿ ಹತ್ತಿ ಮೂವರೂ ಚೆನ್ನೈಗೆ ಹೋಗಿದ್ದೆವು. ಸಾಲಿನಲ್ಲಿ ನಿಂತಾಗ ಕೇಳಿದಳು: “ಅಪ್ಪಾ, ನಾನು ಫಾರಿನರ್ ಆದ್ರೆ ನೀನ್ಯಾರು?”

“ಫಾರಿನರ್ ಅಪ್ಪ” ಎಂದೆ.

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪುಣ್ಯ, ಅವಳ ಶಾಲೆಯಲ್ಲಿ ಕನ್ನಡವಿದೆ. ಅಕ್ಷರ ದುಂಡಗೆ ಬರೆಯುತ್ತಾಳೆ. ಬಾಯಿಬಿಟ್ಟರೆ ಮಾತ್ರ ಕಷ್ಟ. ರಜೆ ಬಂತೆಂದರೆ ತಿಪಟೂರಿನ ತಾತನಿಗೆ ಫೋನು: “ತಾತಾ, ನಿಮ್ಮ ಹಲ್ಲಿಗೆ ಬರ್ತೀನಿ.”

“ಬಾರವ್ವ, ಗೋಡೆ ತುಂಬ ಅವೆ.”

ನಾಲಿಗೆ ಹೊರಳುವುದಿಲ್ಲ ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹಿಂದಿ, ಅಡುಗೆಯಾಕೆಯದು ಬಂಗಾಳಿ, ಕಾವಲಿನವನದು ಒಡಿಯಾ. ಮಗುವಾದರೂ ಏನು ಮಾಡೀತು? ಆದರೆ ಒಂದು ಸಂಜೆ ಗೊಂಬೆಯ ಕೈ ಮುರಿದಾಗ ಅದನ್ನು ಎಸೆದು, “ಹಾಳಾಗ್ಹೋಗ್ಲಿ!” ಎಂದಳು. ಳಕಾರ ಗಂಟೆ ಹೊಡೆದಂತಿತ್ತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಅವಳೊಂದಿಗೆ ನಮ್ಮದು ಇಂಗ್ಲಿಷು. ಕನ್ನಡ ಜಗಳಕ್ಕೆ ಮಾತ್ರ. ಕೇಳಿಸಿಕೊಂಡದ್ದನ್ನು ಅವಳು ಚೊಕ್ಕವಾಗಿ ಕಲಿತಿದ್ದಳು.

ಓಸಿಐ ಇರುವವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಎಲೆ ಅಡಿಕೆ ಮಡಚುತ್ತ ಅಂದರು: “ಹಂಗಾದ್ರೆ ತೋಟದ ಚಿಂತೆ ಬಿಡು, ಅದನ್ನ ನಾನು ಬಿಟ್ಟು ಹೋಗ್ತೀನಿ. ಮಾತು ಬಿಟ್ಟು ಹೋಗೋದು ನಿಂದು.”

ಅಂದಿನಿಂದ ಊಟದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಕನ್ನಡ. ಹಳ್ಳಿ ಇನ್ನೂ ಹಲ್ಲಿಯಾಗಿಯೇ ಇದೆ. ಮೊನ್ನೆ ಬೇಳೆ ಸಾರು ಇನ್ನಷ್ಟು ಬೇಕೆಂದಳು, ‘ಬೇಳೆ’ ಸರಿಯಾಗಿತ್ತು.